ಒಂದು ವ್ಯಾಗನ್, ಒಂದು ಸೆಂಟಿಮೀಟರ್

ಭಾನುವಾರ ಸಂಜೆ ಪಣಂಬೂರು ಕಡಲ ಕಿನಾರೆಗೆ ಹೋದವರಿಗೆ ಅಲ್ಲಿಯ ಜಾತ್ರೆ ಗೊತ್ತು. ಚರುಮುರಿ, ಐಸ್‌ಕ್ರೀಮ್, ಗಾಳಿಪಟ, ಮೈಯೆಲ್ಲ ಒದ್ದೆ ಮಾಡಿಕೊಂಡ ಮಕ್ಕಳು, ಅವರನ್ನು ಕೂಗಿ ಕೂಗಿ ಸೋತ ತಾಯಂದಿರು. ಪಕ್ಕದಲ್ಲೇ ನವಮಂಗಳೂರು ಬಂದರಿನ ಅಲೆತಡೆ ಗೋಡೆ. ಆಚೆ ಕಡಲಿನಲ್ಲಿ ಸರದಿ ಕಾಯುತ್ತ ಲಂಗರು ಹಾಕಿ ನಿಂತ ಹಡಗುಗಳು. ಆದರೆ ಅವುಗಳನ್ನು ನೋಡುವವರು ಕಡಿಮೆ. ಫೋಟೋ ತೆಗೆಯುವಾಗ ಹಿನ್ನೆಲೆಗೆ ಒಂದು ಹಡಗು ಇದ್ದರೆ ಚಂದ, ಅಷ್ಟೇ.

ಕೆಲವು ವರ್ಷಗಳ ಹಿಂದೆ ಒಂಬತ್ತನೇ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಒಂದು ದೊಡ್ಡ ಹಡಗು ಬಂದರಿನ ಕಡೆಗೆ ಬರುತ್ತಿತ್ತು. ಕಲ್ಲಿದ್ದಲು ಇರಬಹುದು ಎಂದೆ. ಒಬ್ಬ ಹುಡುಗಿ ಕೇಳಿದಳು: ‘ಸಾರ್, ಅದರಲ್ಲಿ ಎಷ್ಟು ಕಲ್ಲಿದ್ದಲು ಉಂಟು ಅಂತ ಹೇಗೆ ಗೊತ್ತಾಗುವುದು? ಹಡಗನ್ನು ತೂಗುವ ತಕ್ಕಡಿ ಎಲ್ಲಿದೆ?’

ಹಿಂದಿನ ವಾರವಷ್ಟೇ ಆಕೆ ಆರ್ಕಿಮಿಡೀಸನ ತತ್ವವನ್ನು ಒಂದಕ್ಷರ ತಪ್ಪದೆ ಬರೆದು ಪೂರ್ಣ ಅಂಕ ಪಡೆದಿದ್ದಳು. ಅವಳ ಪ್ರಶ್ನೆಗೆ ಉತ್ತರ ಅವಳ ಉತ್ತರಪತ್ರಿಕೆಯಲ್ಲೇ ಇತ್ತು. ಅದು ಅವಳಿಗೆ ತಿಳಿಯಲಿಲ್ಲ ಎಂದರೆ ತಪ್ಪು ಅವಳದಲ್ಲ. ಆ ತತ್ವವನ್ನು ಬೀಕರಿನಿಂದ ಹೊರಗೆ ತೆಗೆಯದೇ ಇದ್ದವನು ನಾನು.

ಕಡಲೇ ತಕ್ಕಡಿ

ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಹಡಗಿಗೆ ಹೆಚ್ಚು ಭಾರ ಹೇರಿದರೆ ಅದು ಅಷ್ಟು ಹೆಚ್ಚು ನೀರನ್ನು ಸರಿಸುವ ತನಕ ಕೆಳಗಿಳಿಯುತ್ತದೆ, ಇಳಿಸಿದರೆ ಮೇಲೇಳುತ್ತದೆ. ಆದ್ದರಿಂದ ಹಡಗು ಎಷ್ಟು ಮುಳುಗಿದೆ ಎಂದು ಅಳೆದರೆ ಸಾಕು, ಅದರ ತೂಕ ಸಿಕ್ಕಿದಂತೆಯೇ. ಹಡಗಿನ ಮುಂಭಾಗ, ನಡುಭಾಗ ಮತ್ತು ಹಿಂಭಾಗದಲ್ಲಿ ಮೇಲಿನಿಂದ ಕೆಳಕ್ಕೆ ಅಂಕಿಗಳನ್ನು ಬರೆದಿರುತ್ತಾರೆ. ಒಂದೊಂದು ಅಂಕಿಯ ಎತ್ತರ 10 ಸೆಂಟಿಮೀಟರ್, ನಡುವಿನ ಖಾಲಿ ಜಾಗವೂ 10 ಸೆಂಟಿಮೀಟರ್. ನೀರು ಯಾವ ಅಂಕಿಯನ್ನು ಮುಟ್ಟಿದೆ ಎಂದು ನೋಡಿದರೆ ಹಡಗು ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿಯುತ್ತದೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಕಲ್ಲಿದ್ದಲು ತರುವ ಮಧ್ಯಮ ಗಾತ್ರದ ಒಂದು ಹಡಗು 200 ಮೀಟರ್ ಉದ್ದ, 32 ಮೀಟರ್ ಅಗಲ ಇದೆ ಎನ್ನಿ. ಎರಡೂ ತುದಿಗಳು ಕಿರಿದಾಗಿರುವುದರಿಂದ ನೀರಿನ ಮಟ್ಟದಲ್ಲಿ ಅದು ಆಕ್ರಮಿಸುವ ಜಾಗ ಸುಮಾರು 5,800 ಚದರ ಮೀಟರ್. ಈ ಹಡಗು ಒಂದು ಸೆಂಟಿಮೀಟರ್ ಕೆಳಗಿಳಿದರೆ 58 ಘನ ಮೀಟರ್ ನೀರು ಪಕ್ಕಕ್ಕೆ ಸರಿಯಬೇಕು. ಒಂದು ಘನ ಮೀಟರ್ ಸಮುದ್ರದ ನೀರಿನ ತೂಕ ಸುಮಾರು 1,025 ಕಿಲೋ. ಗುಣಿಸಿದರೆ ಹೆಚ್ಚು ಕಡಿಮೆ 60 ಟನ್.

ಈಗ ಬಂದರಿನ ಹೊರಗೆ ನಿಂತ ಗೂಡ್ಸ್ ರೈಲನ್ನು ನೋಡಿ. ಕಲ್ಲಿದ್ದಲು, ಅದಿರು ಹೇರುವ ‘ಬಾಕ್ಸ್‌ಎನ್’ ಎಂಬ ತೆರೆದ ವ್ಯಾಗನ್ ಒಂದರಲ್ಲಿ ಹಿಡಿಯುವ ಸರಕು ಕೂಡ ಸುಮಾರು 60 ಟನ್! ಅಂದರೆ ಹಡಗಿನಿಂದ ಒಂದು ವ್ಯಾಗನ್ ತುಂಬುವಷ್ಟು ಕಲ್ಲಿದ್ದಲು ಇಳಿಸಿದರೆ ಇಡೀ ಹಡಗು ಒಂದು ಸೆಂಟಿಮೀಟರ್ ಮೇಲೇಳುತ್ತದೆ. ಇಂಥ 58 ವ್ಯಾಗನ್‌ಗಳು ಸೇರಿದರೆ ಒಂದು ರೇಕ್. ಒಂದು ರೇಕ್ ಹೊರಟರೆ ಹಡಗು 58 ಸೆಂಟಿಮೀಟರ್ ಎದ್ದಿತೆಂದು ಲೆಕ್ಕ. ಐವತ್ತು ಸಾವಿರ ಟನ್ನಿನ ಹಡಗನ್ನು ಖಾಲಿ ಮಾಡಲು ಹದಿನಾಲ್ಕಕ್ಕೂ ಹೆಚ್ಚು ರೇಕ್ ಬೇಕು.

ಇದು ತರಗತಿಗಾಗಿ ಕಟ್ಟಿದ ಲೆಕ್ಕ ಮಾತ್ರವಲ್ಲ. ಬಂದರುಗಳಲ್ಲಿ ಸರಕಿನ ತೂಕವನ್ನು ನಿರ್ಧರಿಸಲು ‘ಡ್ರಾಫ್ಟ್ ಸರ್ವೆ’ ಎಂಬ ಕ್ರಮವೇ ಇದೆ. ಸರ್ವೇಯರ್ ದೋಣಿಯಲ್ಲಿ ಸುತ್ತು ಹಾಕಿ ಅಂಕಿಗಳನ್ನು ಓದುತ್ತಾರೆ. ಒಂದು ಬಾಟಲಿ ನೀರು ಎತ್ತಿ ಹೈಡ್ರೋಮೀಟರ್‌ನಿಂದ ಅದರ ಸಾಂದ್ರತೆ ನೋಡುತ್ತಾರೆ. ಸಿಹಿನೀರಿನಲ್ಲಿ ಹಡಗು ಹೆಚ್ಚು ಮುಳುಗುವುದರಿಂದ ಇದು ಬೇಕೇಬೇಕು. ಕಡಲಿನಲ್ಲಿ 12 ಮೀಟರ್ ಡ್ರಾಫ್ಟ್ ಇರುವ ಹಡಗು ನದಿಯ ಸಿಹಿನೀರಿಗೆ ಬಂದರೆ ಸುಮಾರು 30 ಸೆಂಟಿಮೀಟರ್ ಇನ್ನೂ ಇಳಿಯುತ್ತದೆ. ನಾವು ಪ್ರಯೋಗಶಾಲೆಯಲ್ಲಿ ಹಾಲಿಗೆ ಅದ್ದಿ ನೋಡುವ ಗಾಜಿನ ಕೊಳವೆಯಂಥದೇ ಉಪಕರಣದ ಮೇಲೆ ಅಲ್ಲಿ ಕೋಟಿಗಟ್ಟಲೆ ರೂಪಾಯಿಯ ವ್ಯಾಪಾರ ನಿಂತಿದೆ.

ಕೆಂಪು ಹೊಟ್ಟೆ ಹೇಳುವ ಕಥೆ

ದಡದಿಂದ ಆ ಅಂಕಿಗಳು ಕಾಣುವುದಿಲ್ಲ. ಅದಕ್ಕೆ ಬೇರೊಂದು ಗುರುತಿದೆ. ಹೆಚ್ಚಿನ ಹಡಗುಗಳ ಕೆಳಭಾಗಕ್ಕೆ ಚಿಪ್ಪುಜೀವಿಗಳು ಅಂಟದಂತೆ ಕೆಂಪು ಬಣ್ಣ ಬಳಿದಿರುತ್ತಾರೆ. ತುಂಬಿದ ಹಡಗಿನಲ್ಲಿ ಈ ಕೆಂಪು ನೀರಿನೊಳಗೆ ಅಡಗಿರುತ್ತದೆ. ಖಾಲಿ ಹಡಗಿನಲ್ಲಿ ಎತ್ತರದ ಕೆಂಪು ಪಟ್ಟಿಯಾಗಿ ಕಾಣುತ್ತದೆ. ಮೂತಿಯ ಕೆಳಗಿನ ಉಬ್ಬು ಕೂಡ ಹೊರಗೆ ಬಂದಿರುತ್ತದೆ. ಒಳಗೆ ಬರುವಾಗ ಕೆಂಪು ಕಾಣದೆ, ಹೊರಗೆ ಹೋಗುವಾಗ ಕಂಡರೆ ಸರಕು ನಮ್ಮ ದೇಶದಲ್ಲಿ ಇಳಿದಿದೆ. ತಿರುವುಮುರುವಾದರೆ ಇಲ್ಲಿಂದ ಹೋಗಿದೆ. ಆಮದು, ರಫ್ತು ಎಂಬ ಎರಡು ಪದಗಳನ್ನು ಮಗು ಕಣ್ಣಾರೆ ನೋಡಬಹುದಾದ ಜಾಗ ಇದಕ್ಕಿಂತ ಬೇರೆ ಯಾವುದಿದೆ?

ಒಂದು ಎಚ್ಚರಿಕೆ. ಪೂರ್ತಿ ಖಾಲಿಯಾದ ಹಡಗು ಗಾಳಿಗೆ ತೂರಾಡುತ್ತದೆ, ಅದರ ಪ್ರೊಪೆಲರ್ ನೀರಿನಿಂದ ಹೊರಗೆ ಬರುತ್ತದೆ. ಆದ್ದರಿಂದ ಸರಕು ಇಳಿಸುತ್ತಿದ್ದಂತೆ ತಳದ ತೊಟ್ಟಿಗಳಿಗೆ ಸಮುದ್ರದ ನೀರನ್ನೇ ತುಂಬಿಕೊಳ್ಳುತ್ತಾರೆ. ಇದು ಬ್ಯಾಲಸ್ಟ್ ನೀರು. ಸರ್ವೇಯರ್ ಇದನ್ನು ಅಳೆದು ಕಳೆಯುತ್ತಾರೆ. ನಮಗೆ ಅದು ಸಾಧ್ಯವಿಲ್ಲ. ಹಾಗಾಗಿ ಹಡಗು ಆರು ಮೀಟರ್ ಎದ್ದಂತೆ ಕಂಡರೆ ‘ಕನಿಷ್ಠ 600 ವ್ಯಾಗನ್, ಅಂದರೆ ಹತ್ತು ರೇಕ್ ಸರಕು ಇಳಿದಿದೆ’ ಎಂದು ಬರೆದುಕೊಳ್ಳಬೇಕು. ‘ಕನಿಷ್ಠ’ ಎಂಬ ಪದ ಎಲ್ಲಿ ಬರೆಯಬೇಕೆಂದು ತಿಳಿಯುವುದೂ ವಿಜ್ಞಾನವೇ.

ಹಡಗಿನ ನಡುವೆ ಒಂದು ವೃತ್ತ, ಅದನ್ನು ಸೀಳುವ ಅಡ್ಡಗೆರೆ ಇರುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟನ್ನಿನ ಕೆಲವು ಹಡಗು ಮಾಲೀಕರು ಲಾಭದಾಸೆಗೆ ಹಳೆಯ ಹಡಗುಗಳಿಗೂ ಮಿತಿಮೀರಿ ಹೇರು ಹಾಕಿ ಕಳಿಸುತ್ತಿದ್ದರು. ಹಡಗು ಮುಳುಗಿದರೆ ವಿಮೆಯ ಹಣ ಬರುತ್ತಿತ್ತು, ನಾವಿಕರು ಬರುತ್ತಿರಲಿಲ್ಲ. ಜನ ಇವುಗಳನ್ನು ‘ಶವಪೆಟ್ಟಿಗೆ ಹಡಗು’ ಎನ್ನುತ್ತಿದ್ದರು. ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಸಂಸತ್ ಸದಸ್ಯರು ವರ್ಷಗಟ್ಟಲೆ ಹೋರಾಡಿದ ಮೇಲೆ 1876ರಲ್ಲಿ ಹಡಗಿನ ಮೇಲೆ ಹೇರಿನ ಗೆರೆ ಎಳೆಯುವುದು ಅಲ್ಲಿ ಕಡ್ಡಾಯವಾಯಿತು. ಇಂದು ಅದು ಜಗತ್ತಿನ ನಿಯಮ. ಪಕ್ಕದಲ್ಲಿ ಬೇಸಿಗೆಗೆ, ಚಳಿಗಾಲಕ್ಕೆ, ಉಷ್ಣವಲಯಕ್ಕೆ, ಸಿಹಿನೀರಿಗೆ ಬೇರೆಬೇರೆ ಗೆರೆಗಳಿವೆ. ಚಳಿಗಾಲದ ಗೆರೆ ಬೇಸಿಗೆಯದಕ್ಕಿಂತ ಕೆಳಗೆ ಏಕಿರಬೇಕು? ಮಕ್ಕಳು ಯೋಚಿಸಲಿ. ಅಲೆಗಳು ದೊಡ್ಡದಾದಾಗ ಹಡಗು ನೀರಿನ ಮೇಲೆ ಹೆಚ್ಚು ಎತ್ತರ ಇರಬೇಕು ಎಂಬುದು ಸುಳಿವು.

ಹಳಿಯ ಮೇಲಿನ ಭಾರ

ಈಗ ರೈಲಿನ ಕಡೆಗೆ ಬರೋಣ. ತುಂಬಿದ ಒಂದು ಬಾಕ್ಸ್‌ಎನ್ ರೇಕಿನ ಒಟ್ಟು ತೂಕ, ವ್ಯಾಗನ್‌ಗಳ ತೂಕವೂ ಸೇರಿ, ಸುಮಾರು 4,700 ಟನ್. ಇದನ್ನು ಒಂದೆರಡು ಎಂಜಿನ್‌ಗಳು ಹೇಗೆ ಎಳೆಯುತ್ತವೆ? ಗುಟ್ಟು ಇರುವುದು ಉಕ್ಕಿನ ಹಳಿಯ ಮೇಲೆ ಉರುಳುವ ಉಕ್ಕಿನ ಚಕ್ರದಲ್ಲಿ. ಎರಡೂ ಗಟ್ಟಿ, ಎರಡೂ ನಯ. ಅದುಮಿ ಚಪ್ಪಟೆಯಾಗುವುದು ಅತ್ಯಲ್ಪ. ಸಮತಟ್ಟಾದ ಹಳಿಯ ಮೇಲೆ ಒಂದು ಟನ್ ಭಾರವನ್ನು ನಿಧಾನವಾಗಿ ಉರುಳಿಸಲು ಸುಮಾರು 2 ಕಿಲೋ ತೂಕದಷ್ಟು ಬಲ ಸಾಕು. ಟಾರು ರಸ್ತೆಯ ಮೇಲೆ ರಬ್ಬರ್ ಟಯರಿಗೆ ಇದರ ಮೂರು ನಾಲ್ಕು ಪಟ್ಟು ಬೇಕು. ಕೊಂಕಣ ರೈಲ್ವೆಯಲ್ಲಿ ಸರಕು ತುಂಬಿದ ಲಾರಿಗಳೇ ರೈಲು ಹತ್ತಿ ಮಹಾರಾಷ್ಟ್ರದ ಕೋಲಾಡ್‌ನಿಂದ ಸುರತ್ಕಲ್ಲಿಗೆ ಬಂದಿಳಿಯುವುದನ್ನು ನಮ್ಮ ಊರಿನವರು ನೋಡಿದ್ದೀರಿ. ಅದರ ಹಿಂದಿರುವುದೂ ಇದೇ ಲೆಕ್ಕ.

ಆದರೆ ಏರು ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. ಮಂಗಳೂರಿನಿಂದ ಹಾಸನದ ಕಡೆಗೆ ಹೋಗುವ ಹಳಿ ಸುಬ್ರಹ್ಮಣ್ಯ ರೋಡ್ ದಾಟಿದ ಮೇಲೆ ಸಕಲೇಶಪುರದವರೆಗೆ ಸುಮಾರು 55 ಕಿಲೋಮೀಟರ್ ಘಾಟಿ ಹತ್ತುತ್ತದೆ. ದಾರಿಯಲ್ಲಿ 57 ಸುರಂಗ, 109 ಸೇತುವೆ. ಏರು 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಸೈಕಲ್ ಸವಾರನಿಗೆ ಇದು ಏರೆಂದೇ ಅನ್ನಿಸದಿರಬಹುದು. ಆದರೆ ಇಲ್ಲಿ ಪ್ರತಿ ಟನ್ನಿಗೆ ಭಾರದ ಐವತ್ತನೇ ಒಂದು ಭಾಗ, ಅಂದರೆ 20 ಕಿಲೋ ಬಲ ಹೆಚ್ಚು ಬೇಕು. ಎರಡಿದ್ದದ್ದು ಇಪ್ಪತ್ತೆರಡಾಯಿತು, ಹನ್ನೊಂದು ಪಟ್ಟು! 4,700 ಟನ್ನಿನ ರೇಕಿಗೆ ಲೆಕ್ಕ ಹಾಕಿದರೆ 100 ಟನ್ನಿಗೂ ಮೀರಿದ ಎಳೆತ. ಡಬ್ಲ್ಯೂಡಿಜಿ-4 ಎಂಬ ಡೀಸೆಲ್ ಎಂಜಿನ್ನಿನ ತೂಕ 126 ಟನ್. ಹೊರಡುವಾಗ ಅದು ಕೊಡಬಲ್ಲ ಗರಿಷ್ಠ ಎಳೆತ ಸುಮಾರು 54 ಟನ್. ಅದಕ್ಕಿಂತ ಹೆಚ್ಚು ಬಲ ಹಾಕಹೊರಟರೆ ಚಕ್ರ ನಿಂತಲ್ಲೇ ಜಾರುತ್ತದೆ. ಉರುಳಲು ಅನುಕೂಲವಾದ ಆ ನಯವೇ ಇಲ್ಲಿ ಶತ್ರು. ಮಳೆಯಲ್ಲಿ ಹಿಡಿತ ಸಿಗಲೆಂದು ಎಂಜಿನ್ ಹಳಿಯ ಮೇಲೆ ಮರಳು ಉದುರಿಸುತ್ತದೆ. ಘಾಟಿಯಲ್ಲಿ ಹಿಂದಿನಿಂದ ನೂಕಲು ಬೇರೆ ಎಂಜಿನ್‌ಗಳನ್ನು ಜೋಡಿಸುತ್ತಾರೆ. ಘರ್ಷಣೆ ಒಳ್ಳೆಯದೋ ಕೆಟ್ಟದ್ದೋ ಎಂಬ ಪರೀಕ್ಷೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಗೂಡ್ಸ್ ರೈಲು ಹೊರಡುವಾಗ ಎಂಜಿನ್ ಕಡೆಯಿಂದ ಬಾಲದವರೆಗೆ ‘ಕಟ ಕಟ ಕಟ’ ಎಂಬ ಸದ್ದು ಓಡುವುದನ್ನು ಕೇಳಿದ್ದೀರಾ? ವ್ಯಾಗನ್‌ಗಳ ನಡುವಿನ ಕಪಲಿಂಗ್‌ನಲ್ಲಿ ಸ್ವಲ್ಪ ಸಡಿಲವಿರುತ್ತದೆ. ಆದ್ದರಿಂದ ಇಡೀ ರೈಲು ಒಮ್ಮೆಗೇ ಹೊರಡುವುದಿಲ್ಲ. ಒಂದೊಂದೇ ವ್ಯಾಗನ್ ನಿದ್ದೆಯಿಂದ ಎದ್ದಂತೆ ಚಲಿಸತೊಡಗುತ್ತದೆ. ಜಡತ್ವ ಎಂಬ ಪದಕ್ಕೆ ಸದ್ದು ಇದ್ದರೆ ಅದು ಇದೇ.

ಸಂಖ್ಯೆಯೊಳಗಿನ ಕಾವಲುಗಾರ

ಪ್ರತಿ ವ್ಯಾಗನ್ ಮೇಲೆ ಹನ್ನೊಂದು ಅಂಕಿಗಳ ಸಂಖ್ಯೆ ಇರುತ್ತದೆ. ಮೊದಲ ಎರಡು ಅಂಕಿ ವ್ಯಾಗನ್ನಿನ ಬಗೆ, ಮುಂದಿನ ಎರಡು ಯಾವ ರೈಲ್ವೆಯದು, ಆಮೇಲಿನ ಎರಡು ತಯಾರಾದ ವರ್ಷ, ನಂತರದ ನಾಲ್ಕು ಅದರ ಸ್ವಂತ ಸಂಖ್ಯೆ. ಕೊನೆಯ ಒಂದು ಅಂಕಿ ಕಾವಲುಗಾರ. ಅದನ್ನು ಪರೀಕ್ಷಿಸುವ ಕ್ರಮ ಹೀಗೆ: ಮೊದಲ ಹತ್ತು ಅಂಕಿಗಳಲ್ಲಿ ಎರಡನೇ, ನಾಲ್ಕನೇ, ಆರನೇ, ಎಂಟನೇ, ಹತ್ತನೇ ಸ್ಥಾನದವನ್ನು ಕೂಡಿಸಿ ಮೂರರಿಂದ ಗುಣಿಸಿ. ಅದಕ್ಕೆ ಉಳಿದ ಐದು ಅಂಕಿಗಳ ಮೊತ್ತ ಸೇರಿಸಿ. ಬಂದ ಉತ್ತರವನ್ನು ಮುಂದಿನ ಹತ್ತರ ಗುಣಕಕ್ಕೆ ಮುಟ್ಟಿಸಲು ಎಷ್ಟು ಬೇಕೋ ಅದೇ ಹನ್ನೊಂದನೇ ಅಂಕಿ.

ಉದಾಹರಣೆಗೆ 10 06 12 3456 ಎಂದು ಇಟ್ಟುಕೊಳ್ಳೋಣ. ಸಮ ಸ್ಥಾನದವು 0, 6, 2, 4, 6. ಮೊತ್ತ 18, ಮೂರು ಪಟ್ಟು 54. ಉಳಿದವು 1, 0, 1, 3, 5, ಮೊತ್ತ 10. ಒಟ್ಟು 64. ಎಪ್ಪತ್ತಕ್ಕೆ 6 ಬೇಕು. ಕೊನೆಯ ಅಂಕಿ 6. ಗುಮಾಸ್ತರು ಬರೆದುಕೊಳ್ಳುವಾಗ ಒಂದು ಅಂಕಿ ತಪ್ಪಿದರೂ ಲೆಕ್ಕ ಕೂಡುವುದಿಲ್ಲ, ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ. ಬಿಸ್ಕತ್ ಪೊಟ್ಟಣದ ಬಾರ್‌ಕೋಡ್ ಕೆಳಗಿನ ಹದಿಮೂರು ಅಂಕಿಗಳಲ್ಲೂ ಇದೇ ಉಪಾಯವಿದೆ. ಮನೆಯಲ್ಲೇ ಪರೀಕ್ಷಿಸಿ ನೋಡಿ.

ತುಂಬಿದ್ದು ಯಾವ ಕಡೆಗೆ?

ವರ್ಷಗಟ್ಟಲೆ ನೋಡುವವನಿಗೆ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ತುಂಬಿದ ವ್ಯಾಗನ್‌ಗಳು ಯಾವ ಕಡೆಗೆ ಹೋಗುತ್ತಿವೆ? ಬಂದರಿಗೋ, ಬಂದರಿನಿಂದಲೋ? ಖಾಲಿ ವ್ಯಾಗನ್ ಡಬ್ಬದಂತೆ ಗಲಗಲಿಸುತ್ತದೆ. ತುಂಬಿದ್ದು ಗಂಭೀರವಾಗಿ ಸಾಗುತ್ತದೆ. ಕಣ್ಣು ಮುಚ್ಚಿದರೂ ಹೇಳಬಹುದು.

1974ರಲ್ಲಿ ಪ್ರಧಾನ ಬಂದರೆಂದು ಘೋಷಣೆಯಾಗಿ, 1975ರ ಜನವರಿಯಲ್ಲಿ ಇಂದಿರಾ ಗಾಂಧಿಯವರಿಂದ ಉದ್ಘಾಟನೆಯಾದ ಈ ಬಂದರು ಬೆಳೆದದ್ದು ಮುಖ್ಯವಾಗಿ ಅದಿರಿನಿಂದ. ಕುದುರೆಮುಖದ ಗಣಿ ಯೋಜನೆ ಇರಾನ್ ದೇಶದೊಂದಿಗಿನ ಒಪ್ಪಂದದ ಮೇಲೆ ಹುಟ್ಟಿತು. 1979ರ ಕ್ರಾಂತಿಯ ನಂತರ ಇರಾನ್ ಹಿಂದೆ ಸರಿಯಿತು. ಗಣಿ ಬೇರೆ ಗಿರಾಕಿಗಳನ್ನು ಹುಡುಕಿಕೊಂಡಿತು. ಅಲ್ಲಿಯ ಅದಿರಿನ ಪುಡಿ ನೀರಿನೊಂದಿಗೆ ಬೆರೆತು ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿದು ಪಣಂಬೂರಿಗೆ ಬರುತ್ತಿತ್ತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಅಲ್ಲಿಯ ಗಣಿಗಾರಿಕೆ ನಿಂತಿತು. 2006ರಲ್ಲಿ ಬ್ರಾಡ್‌ಗೇಜ್ ಆದ ಘಾಟಿಯ ಹಳಿಯ ಮೇಲೆ ಗೂಡ್ಸ್ ರೈಲುಗಳು ಓಡತೊಡಗಿದವು. ಬಳ್ಳಾರಿ, ಹೊಸಪೇಟೆ ಕಡೆಯ ಅದಿರು ರೇಕುಗಟ್ಟಲೆ ಇಳಿಯಿತು. 2010ರ ಜುಲೈಯಲ್ಲಿ ರಾಜ್ಯ ಸರಕಾರ ಅದಿರು ರಫ್ತನ್ನು ನಿಷೇಧಿಸಿತು. ಅಕ್ರಮ ಗಣಿಗಾರಿಕೆಯ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನೇ ನಿಲ್ಲಿಸಿತು. ಮುಂದೆ ಗಣಿಗಳು ಷರತ್ತಿನ ಮೇಲೆ ತೆರೆದರೂ ರಫ್ತಿಗೆ ಮತ್ತೆ ಅನುಮತಿ ಸಿಕ್ಕಿದ್ದು 2022ರ ಮೇ ತಿಂಗಳಲ್ಲಿ. ಈ ನಡುವೆ, 2010ರಿಂದ, ಉಡುಪಿ ಜಿಲ್ಲೆಯ ಎಲ್ಲೂರಿನ ವಿದ್ಯುತ್ ಸ್ಥಾವರಕ್ಕೆ ವಿದೇಶದ ಕಲ್ಲಿದ್ದಲು ಪಣಂಬೂರಿನಲ್ಲಿ ಇಳಿದು ರೈಲಿನಲ್ಲಿ ಹೋಗತೊಡಗಿತ್ತು. ಬಂದರಿಗೆ ತುಂಬಿ ಬರುತ್ತಿದ್ದ ವ್ಯಾಗನ್‌ಗಳು ಕಡಿಮೆಯಾದವು, ಬಂದರಿನಿಂದ ತುಂಬಿ ಹೋಗುವವು ಹೆಚ್ಚಿದವು. ಪತ್ರಿಕೆ ಓದದವನಿಗೂ ರಾಜ್ಯದಲ್ಲಿ ಏನೋ ಬದಲಾಗಿದೆ ಎಂದು ಆ ಸದ್ದಿನಿಂದಲೇ ತಿಳಿಯಬಹುದಿತ್ತು.

2006ರಲ್ಲಿ ಕುದುರೆಮುಖದಿಂದ ಬಂದ ಒಬ್ಬ ಹುಡುಗ ನನ್ನ ತರಗತಿಗೆ ಸೇರಿದ. ಗಣಿ ನಿಂತದ್ದರಿಂದ ಭದ್ರಾ ನದಿಗೆ, ಕಾಡಿಗೆ ಒಳ್ಳೆಯದಾಯಿತೆಂದು ನಾನು ಪಾಠ ಮಾಡಿದೆ. ಅವನು ಎದ್ದು ನಿಂತು, ‘ಹೌದು ಸಾರ್, ಗುಡ್ಡ ಉಳಿಯಿತು. ನಮ್ಮ ಊರು ಖಾಲಿಯಾಯಿತು’ ಎಂದ. ಎರಡೂ ನಿಜ. ಅಂದು ನನಗೆ ಮಾತು ಹೊರಡಲಿಲ್ಲ. ಅಂದಿನಿಂದ ಅದಿರು, ಕಲ್ಲಿದ್ದಲು ಎಂದು ಕಪ್ಪುಹಲಗೆಯ ಮೇಲೆ ಬರೆಯುವಾಗಲೆಲ್ಲ ಅದರ ಒಂದು ತುದಿಯಲ್ಲಿ ಒಂದು ಗುಡ್ಡ, ಇನ್ನೊಂದು ತುದಿಯಲ್ಲಿ ಒಂದು ಮನೆ ಇದೆ ಎಂದು ಹೇಳುವುದನ್ನು ರೂಢಿ ಮಾಡಿಕೊಂಡೆ.

ಆ ಮನೆ ನಮ್ಮದೂ ಆಗಿರಬಹುದು. ಒಂದು ಯೂನಿಟ್ ವಿದ್ಯುತ್ತಿಗೆ ಸರಿಸುಮಾರು ಅರ್ಧ ಕಿಲೋ ಕಲ್ಲಿದ್ದಲು ಬೇಕು. 60 ಟನ್ನಿನ ಒಂದು ವ್ಯಾಗನ್‌ನಿಂದ 1,20,000 ಯೂನಿಟ್. ತಿಂಗಳಿಗೆ 100 ಯೂನಿಟ್ ಉರಿಸುವ ಮನೆಗೆ ವರ್ಷಕ್ಕೆ 1,200. ಅಂದರೆ ಒಂದು ವ್ಯಾಗನ್ ಎಂದರೆ ನೂರು ಮನೆಗಳ ಒಂದು ವರ್ಷದ ಬೆಳಕು. ಹಡಗಿನ ಮೇಲೆ ಒಂದು ಸೆಂಟಿಮೀಟರ್. ಮತ್ತು ಗಾಳಿಗೆ ಸೇರುವ 100 ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್. ಬಳಸದ ಕೋಣೆಯ ಫ್ಯಾನ್ ಆರಿಸು ಎಂದು ಮಕ್ಕಳಿಗೆ ನೂರು ಸಲ ಹೇಳುವ ಬದಲು ಈ ಲೆಕ್ಕವನ್ನು ಒಮ್ಮೆ ಮಾಡಿಸಿದರೆ ಸಾಕು.

ತಂದೆ ತಾಯಿಗಳಿಗೆ ಎರಡು ಮಾತು

‘ಮಾಸ್ಟ್ರೇ, ಹಡಗು ನೋಡಿದರೆ ಮಾರ್ಕು ಬರುತ್ತದಾ?’ ಎಂದು ಒಬ್ಬ ತಂದೆ ನನ್ನನ್ನು ಕೇಳಿದ್ದುಂಟು. ಬರುತ್ತದೆ ಎಂದು ಭರವಸೆ ಕೊಡಲಾರೆ. ಆದರೆ ಘರ್ಷಣೆ, ಸಾಂದ್ರತೆ, ತೇಲುವಿಕೆ ಎಲ್ಲವೂ ಒಂದೇ ಸಂಜೆ ಕಣ್ಣೆದುರು ಬಂದ ಮಗು ಆ ಪಾಠವನ್ನು ಬಾಯಿಪಾಠ ಮಾಡಬೇಕಾಗುವುದಿಲ್ಲ.

ಖರ್ಚು ಏನೂ ಇಲ್ಲ. ಒಂದು ನೋಟ್‌ಪುಸ್ತಕ, ಪೆನ್ಸಿಲ್, ಸಿಕ್ಕಿದರೆ ಒಂದು ಸಾಧಾರಣ ದುರ್ಬೀನು. ದಿನಾಂಕ, ಹೊತ್ತು, ಹಡಗಿನ ದಿಕ್ಕು, ಕೆಂಪು ಕಂಡಿತೇ ಇಲ್ಲವೇ, ರೇಕಿನಲ್ಲಿ ಎಷ್ಟು ವ್ಯಾಗನ್, ತೆರೆದದ್ದೋ ಮುಚ್ಚಿದ್ದೋ ಟ್ಯಾಂಕರೋ, ಇಷ್ಟು ಬರೆದರೆ ಸಾಕು. ಹಡಗಿನ ಮೇಲೆ ಅರ್ಧ ಬಿಳಿ, ಅರ್ಧ ಕೆಂಪು ಬಾವುಟ ಕಂಡರೆ ದಾರಿ ತೋರಿಸುವ ಪೈಲಟ್ ಹಡಗು ಹತ್ತಿದ್ದಾರೆಂದು ಅರ್ಥ. ಪೂರ್ತಿ ಕೆಂಪು ಬಾವುಟ ಅಪಾಯಕರ ಸರಕಿನ ಗುರುತು. ಅದರಲ್ಲಿ ನಿಮ್ಮ ಅಡುಗೆಮನೆಯ ಸಿಲಿಂಡರಿನ ಅನಿಲವೂ ಇರಬಹುದು.

ಆದರೆ ನಿಯಮಗಳನ್ನು ಮೀರಬಾರದು. ಬಂದರಿನ ಗೇಟಿನೊಳಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ನೋಡಬೇಕೆಂದಿದ್ದರೆ ಶಾಲೆಯ ಮೂಲಕ ಬರೆದು ಕೇಳಬೇಕು. ಹಳಿಯ ಮೇಲೆ ನಡೆಯುವುದು ಅಪರಾಧ, ಅದಕ್ಕಿಂತ ಹೆಚ್ಚಾಗಿ ಪ್ರಾಣಾಪಾಯ. ರೈಲನ್ನು ಸಾರ್ವಜನಿಕ ರಸ್ತೆಯಿಂದ, ನಿಲ್ದಾಣದಿಂದ ನೋಡಿದರೆ ಸಾಕು. ಮಳೆಗಾಲದಲ್ಲಿ ಮಕ್ಕಳನ್ನು ನೀರಿನ ಹತ್ತಿರ ಬಿಡಲೇಬೇಡಿ.

ತಕ್ಕಡಿ ಕೇಳಿದ ಆ ಹುಡುಗಿಗೆ ಅಂದು ಮರಳಿನ ಮೇಲೆ ಕಡ್ಡಿಯಿಂದ ಈ ಲೆಕ್ಕ ಬಿಡಿಸಿ ತೋರಿಸಿದೆ. ಉಳಿದವರೂ ಬಗ್ಗಿ ನೋಡಿದರು. ಉತ್ತರ 60 ಬರುವಷ್ಟರಲ್ಲಿ ಒಂದು ಅಲೆ ಬಂದು ಅರ್ಧ ಅಳಿಸಿಹೋಯಿತು. ಅವಳು ಪುನಃ ಮೊದಲಿನಿಂದ, ಈ ಸಲ ಸ್ವಲ್ಪ ಮೇಲೆ ಒಣ ಮರಳಿನಲ್ಲಿ, ತಾನೇ ಬರೆಯಲು ಕುಳಿತಳು. ಬಸ್ಸಿನ ಹೊತ್ತಾಯಿತೆಂದು ಕರೆದರೂ ಏಳಲಿಲ್ಲ.